ಗೋಡೆಯೊಳಗಿನ ನೂರಾ ನಲವತ್ನಾಲ್ಕು ವ್ಯಾಟ್

ಉಣಕಲ್, ಹುಬ್ಬಳ್ಳಿ
20 ಜನವರಿ 2025

ಪ್ರೀತಿಯ ಗುರುಪಾದಣ್ಣನಿಗೆ ತಮ್ಮ ನೀಲಕಂಠನ ನಮಸ್ಕಾರ.

ನಿನ್ನ ಕೆಮ್ಮು ಕಡಿಮೆಯಾಯಿತೇ? ಕಾರವಾರದ ಊಟ ಸೇರುವುದಿಲ್ಲ ಎನ್ನುತ್ತಿದ್ದೆ, ಈಗ ರೂಢಿಯಾಗಿರಬಹುದು. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಬೇಕು, ಆದರೆ ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಫೋನ್ ಹಚ್ಚಿದರೆ 'ಸೈಟಿನ್ಯಾಗ ಅದೇನಿ, ಆಮ್ಯಾಲೆ ಮಾಡ್ತೇನಿ' ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ಸಂಕ್ರಾಂತಿಯ ಸಜ್ಜಿ ರೊಟ್ಟಿಗೆ ಗಿರಾಕಿಗಳು ಬಹಳ. ನೀನು ವಯರಿಂಗ್ ಮಾಡಿಕೊಟ್ಟ ರೊಟ್ಟಿ ಖೋಲಿಯಲ್ಲಿ ಅವ್ವ, ವೈನಿ ಎದುರುಬದುರು ಕುಳಿತು, ಎರಡೂ ಕರೆಂಟಿನ ಒಲೆ ಹಚ್ಚಿ ಬೆಳಗಿನಿಂದ ಬಡಿಯುತ್ತಿದ್ದರು. ಊಟಕ್ಕೆ ಎದ್ದ ಸ್ವಲ್ಪ ಹೊತ್ತಿಗೆ, ರೊಟ್ಟಿ ಮುಚ್ಚುವ ಅರಿವೆ ಒಟ್ಟಿದ್ದ ಗೋಡೆಯ ಹಲಗೆ ಹೊತ್ತಿಕೊಂಡಿತು. ವೈನಿ ಬರಿಗೈಯಿಂದ ಅರಿವೆ ಎಳೆದು ಹಾಕಿ ಬೆಂಕಿ ಆರಿಸಿದಳು. ಅಂಗೈ ಸುಟ್ಟಿತು. ಆ ದಿನ ನೀನು ಫೋನಿನಲ್ಲಿ ಕಟ್ಟಿಕೊಂಡ ಹೆಂಡತಿಯ ಕೈಯನ್ನು ವಿಚಾರಿಸಲಿಲ್ಲ. 'ಆಕಿ ಒಲಿ ಬಂದ್ ಮಾಡದ ಎದ್ದಿರಬೇಕು' ಎಂದೆ ನೀನು. ಅವ್ವನಿಗೆ ಅಷ್ಟೇ ಸಾಕಾಯಿತು. 'ಖಬರ್ ಇಲ್ಲದಾಕಿ ಕೈಯಾಗ ಮನಿ ಕೊಟ್ಟೇನಿ' ಅಂದಳು. ವೈನಿ 'ಬಂದ್ ಮಾಡೇನ್ರಿ ಅತ್ತಿ' ಎಂದು ಒಂದೇ ಸಲ ಹೇಳಿ, ಕೈಗೆ ಬಟ್ಟೆ ಸುತ್ತಿಕೊಂಡು ರಾಯಾಪುರದ ತವರಿಗೆ ಹೋದಳು.

ಮಕಬೂಲಸಾಬರ ಮೋಟರ್ ರಿಪೇರಿ ಅಂಗಡಿಯಿಂದ ಮೀಟರ್ ತಂದು ನೋಡಿದೆ. ಎರಡೂ ಒಲೆ ಹಚ್ಚಿದಾಗ ಮೇನಿನಲ್ಲಿ 230 ವೋಲ್ಟ್, ಒಲೆಯ ಪ್ಲಗ್ಗಿನಲ್ಲಿ 218. ಕರೆಂಟ್ 12 ಆಂಪಿಯರ್. ನಡುವೆ ಹನ್ನೆರಡು ವೋಲ್ಟ್ ಎಲ್ಲೋ ಸೋರಿಹೋಗುತ್ತಿತ್ತು. ನಾನು ಸಾಲಿ ಬಿಟ್ಟ ವರ್ಷ ನೀನೇ ಇದ್ದಿಲಿನಿಂದ ಕಟ್ಟೆಯ ಮೇಲೆ ಬರೆದು ಕಲಿಸಿದ್ದೆ: 'ವೋಲ್ಟನ್ನ ಆಂಪಿಯರ್‌ಲೆ ಭಾಗಿಸಿದ್ರ ರೆಸಿಸ್ಟನ್ಸ್, ಗುಣಿಸಿದ್ರ ಪವರ್. ಇಷ್ಟ ತಿಳಕೋ, ಯಾರ ಮುಂದೂ ತಲಿ ತಗ್ಗಿಸೂದು ಬ್ಯಾಡ.' ಭಾಗಿಸಿದೆ, ಒಂದು ಓಮ್. ಗುಣಿಸಿದೆ, 144 ವ್ಯಾಟ್. ನೂರರ ಬಲ್ಬಿಗಿಂತ ಹೆಚ್ಚಿನ ಕಾವು ಗೋಡೆಯೊಳಗೆ ಕೂತಿತ್ತು. ಸುಟ್ಟ ಹಲಗೆಯ ಹಿಂದೆ ಕೈಯಿಟ್ಟರೆ ಗೋಡೆ ಹಂಚಿನಂತೆ ಕಾದಿತ್ತು. ಮೇನ್ ಬಂದ್ ಮಾಡಿ ಹಲಗೆ ಕಿತ್ತೆ. ಮುಚ್ಚಳವಿಲ್ಲದ ಡಬ್ಬಿಯಲ್ಲಿ, ಹಳೆಯ ಅಲ್ಯುಮಿನಿಯಂ ತಂತಿಗೆ ಹೊಸ ತಾಮ್ರದ ತಂತಿ ಹೊಸೆದು ಟೇಪು ಸುತ್ತಿದ್ದೀ. ಬೆಳಗಿನಿಂದ ಕಾದ ಆ ಗಂಟು ಹಲಗೆಯನ್ನು ಒಳಗೊಳಗೇ ಕೆಂಡ ಮಾಡಿತ್ತು, ಒಲೆ ಬಂದ್ ಆದ ಮೇಲೂ ಅದು ಆರಲಿಲ್ಲ. ಇಂಥದೇ ಗಂಟನ್ನು ನಾನೊಮ್ಮೆ ಹಾಕಿದಾಗ ಕಪಾಳಕ್ಕೆ ಬಿಗಿದು 'ಇದು ಇವತ್ತಲ್ಲ ನಾಳಿ ಮನಿ ಸುಡತೈತಿ' ಎಂದವನು ನೀನು. ತಂತಿ ಸಾಲಲಿಲ್ಲ, ನಿನಗೆ ಬಸ್ಸಿನ ಅವಸರವಿತ್ತು, ಅದಕ್ಕೆ ನಾನು ತಪ್ಪು ಹಿಡಿಯುವುದಿಲ್ಲ. ವೈನಿಯ ಮೇಲೆ ಹಾಕಿದ ಮಾತನ್ನು ಮಾತ್ರ ಬಿಡಲಾರೆ.

ಗಂಟು ತೆಗೆದು, ಮೇನಿನಿಂದ ದಪ್ಪ ತಂತಿ ನಡುವೆ ಗಂಟಿಲ್ಲದೆ ಎಳೆದಿದ್ದೇನೆ. ಕೆಮ್ಮಿಗೆ ಬಿಸಿನೀರು ಕುಡಿ. ದೊಡ್ಡವನು ನೀನು, ಆದರೆ ಇವತ್ತು ಆಶೀರ್ವಾದ ಬೇಡಲು ಮನಸ್ಸಿಲ್ಲ.

ನಿನ್ನ ತಮ್ಮ,
ನೀಲಕಂಠ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವ್ವನಿಗೆ ಎಲ್ಲ ಹೇಳಿದೆ. 'ಹೋಗಿ ಆಕಿನ್ನ ಕರಕೊಂಡು ಬಾ' ಅಂದಳು. ಹೋಗಿದ್ದೆ. ವೈನಿಗೆ ಇನ್ನೂ ಮುಷ್ಟಿ ಕಟ್ಟಲು ಬರುವುದಿಲ್ಲ. ಎಲ್ಲ ಕೇಳಿ ಒಂದೇ ಮಾತು ಕೇಳಿದಳು: 'ಫೋನಿನ್ಯಾಗ ಹಂಗ ಅನ್ನುವಾಗ ಅವರಿಗೆ ಆ ಗಂಟಿನ ನೆನಪಿತ್ತೇನು?' ಗೊತ್ತಿಲ್ಲ ಎಂದೆ, ಖರೇನೇ ಗೊತ್ತಿಲ್ಲ. 'ಹಂಗಾರ ಅವರ ಬಂದು ಹೇಳಲಿ' ಎಂದು ಒಳಗೆ ಹೋದಳು. ಉತ್ತರ ನನಗೆ ಬರೆಯಬೇಡ. ರಾಯಾಪುರಕ್ಕೆ ಹೋಗು.