ಜುಗೂಳದಿಂದ ಬಂದ ಬಾಗಿಲು

ರಾಜಮತಿಗೆ,

ನಿನ್ನ ಹಿರಿಯ ನೆಗೆಣ್ಣಿ ತ್ರಿಶಲಾ ಬರೆಯುವುದು. ಫೋನಿನಲ್ಲಾದರೆ ನೀನು "ಹೌದ್ರಿ ಅಕ್ಕಾರ" ಎಂದು ಅರ್ಧಕ್ಕೇ ಮುಗಿಸಿಬಿಡುತ್ತೀ. ಬರೆದರೆ ಪೂರ್ತಿ ಓದಲೇಬೇಕು.

ಚಿಕ್ಕೋಡಿಯ ನಮ್ಮ ಹಳೇ ಹೋಟೆಲನ್ನು ಮೊಮ್ಮಗ ಸುಹಾಸ ದುರಸ್ತಿ ಮಾಡಿಸಿ ಮತ್ತೆ ತೆರೆಯುತ್ತಿದ್ದಾನೆ. ಬೋರ್ಡಿಗೆ ಏನು ಹೆಸರು ಬರೆಸಲಿ ಎಂದು ಊರವರನ್ನು ಕೇಳಿದನಂತೆ. ಎಲ್ಲರದೂ ಒಂದೇ ಮಾತು: ರಾಜಮತಿ ಅಕ್ಕಾರ ಹೋಟೆಲ್. ಕಟ್ಟಡ ನನ್ನ ಹೆಸರಿನಲ್ಲಿದೆ. ನಾನು ಹೂಂ ಅನ್ನದೆ ಪೇಂಟರ್ ಕುಂಚ ಮುಟ್ಟುವಂತಿಲ್ಲ. ನಾನು ಹೂಂ ಅನ್ನಲಿಲ್ಲ.

ಯಾಕೆ ಅನ್ನಬೇಕು? ಕೃಷ್ಣೆಯ ಮಹಾಪೂರಕ್ಕೆ ಜುಗೂಳದ ನನ್ನ ತವರುಮನೆ ಬಿದ್ದಾಗ ಅದರ ಸಾಗವಾನಿ ತೊಲೆಗಳು, ಆ ದೊಡ್ಡ ಬಾಗಿಲು ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದವು. ಮಾವನವರು ಅವುಗಳಿಂದಲೇ ಹೋಟೆಲ್ ಎಬ್ಬಿಸಿದರು. ಊರಿಗೆ ಅದು ಊಟದ ಜಾಗ, ನನಗೆ ತವರು. ನೀನು ಸೊಸೆಯಾಗಿ ಬಂದದ್ದು ಆಮೇಲೆ. ಬಂದು ಒಲೆಯ ಮುಂದೆ ಕುಳಿತೆ, ಊರೇ ನಿನ್ನದಾಯಿತು.

ಹೊತ್ತು ಮುಳುಗುವ ಮೊದಲು ಒಲೆ ಆರಬೇಕು ಎಂಬುದು ನಮ್ಮ ಜೈನರ ಮನೆಯ ನೇಮ. ಬಸ್ ಸ್ಟ್ಯಾಂಡಿನ ಎದುರಿಗಿದ್ದೂ ಕತ್ತಲಾದ ಮೇಲೆ ತಟ್ಟೆ ಇಡದ ಹೋಟೆಲ್ ಎಂದು ಜನ ನಗುತ್ತಿದ್ದರು. ದಿನಾ ಆ ಬಾಗಿಲಿಗೆ ಅಗಳಿ ಹಾಕಿದವಳು ನಾನು. ನೀನೋ ಅದಕ್ಕೂ ಮೊದಲೇ ಬೀದಿಗೆ ಹೋಗಿ, "ಬರ್ರಿ, ಹೊತ್ತ ಮುಣಗೂದ್ರಾಗ ಎರಡ ತುತ್ತ ಉಂಡ ಹೋಗ್ರಿ" ಎಂದು ಕರೆಯುತ್ತಿದ್ದೆ. ನನಗೆ ಬಿರುಸಿನವಳು ಎಂಬ ಹೆಸರು ಬಂತು, ನೀನು ಎಲ್ಲರಿಗೂ ಅಕ್ಕ ಆದೆ. ನಿನ್ನ ಭಾವನವರಾದರೂ ಬೇರೆಯೇ? ನಾನು ಬಡಿಸುತ್ತಿರುವಾಗಲೇ, "ರಾಜಮತಿ ಮಾಡಿದ ಆಮಟಿ ಸಾರ ಉಂಡ ಮ್ಯಾಲ ಕೈ ತೊಳಕೊಳ್ಳಾಕ ಮನಸ ಬರೂದಿಲ್ಲ" ಅಂದರು. ಅವರು ಹೋಗಿ ಎಷ್ಟೋ ವರ್ಷವಾಯಿತು. ಆ ಮಾತು ಇನ್ನೂ ನನ್ನ ಮನೆಯಲ್ಲೇ ಇದೆ.

ಮೊನ್ನೆ ಕಬ್ಬೂರಿನ ಮುರಗೆಪ್ಪ ಬಂದಿದ್ದ, ನಮ್ಮ ಹಳೇ ಗಿರಾಕಿ. ಅಕ್ಕಾರು ಆರಾಮ ಅದಾರೇನ್ರಿ ಎಂದು ಕೇಳಿದ. ಅದೀನಿ ಅಂದೆ.

"ನಿಮ್ಮನ್ನಲ್ರಿ, ರಾಜಮತಿ ಅಕ್ಕಾರನ್ನ ಕೇಳಿದ್ನಿ. ಮಗಳ ಮನಿಗಂತ ಶಿರಗುಪ್ಪಿಗೆ ಹೋದವರು ತಿರುಗಿ ಬರ್ತಾರೋ ಇಲ್ಲೋ?"

ನನ್ನ ಬಾಗಿಲಿಗೇ ಒರಗಿ ನಿಂತು ಕೇಳಿದ, ರಾಜಮತಿ.

ಆ ಸಿಟ್ಟಿನಲ್ಲಿ ನಾನೇ ಒಲೆ ಹೊತ್ತಿಸಿ ಆಮಟಿ ಮಾಡಿದೆ. ಚೆನ್ನಾಗಿಯೇ ಆಗಿತ್ತು. ಸುಹಾಸ ಮತ್ತೆ ಹಾಕಿಸಿಕೊಂಡು ಉಂಡ. ಉಂಡು ಕೈ ತೊಳೆದುಕೊಂಡು, ಸಣ್ಣ ಅಜ್ಜಿ ಯಾವಾಗ ಬರ್ತಾಳ ಎಂದು ಕೇಳಿದ. ಕೈ ತೊಳೆದುಕೊಂಡದ್ದನ್ನು ನಾನು ನೋಡಿದೆ.

ಇವತ್ತು ಪೇಂಟರನಿಗೆ ಹೂಂ ಅಂದಿದ್ದೇನೆ.

ಹೋಟೆಲ್ ತೆರೆಯುವ ದಿನ ನೀನು ಬರಬೇಕು. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಮೇಲೆ ನಿನ್ನ ಹೆಸರು ಇರಲಿ. ಅದರ ಕೆಳಗಿನ ಬಾಗಿಲು ನನ್ನದು, ನೀನೂ ಅದನ್ನು ದಾಟಿಯೇ ಒಳಗೆ ಹೋಗಬೇಕು. ನಾನು ಅಲ್ಲೇ ಖುರ್ಚಿ ಹಾಕಿಕೊಂಡು ಕೂತಿರುತ್ತೇನೆ. ನಿನ್ನ ಆಮಟಿ ಆಗುವವರೆಗೆ ಉಣ್ಣುವುದಿಲ್ಲ. ಹೊತ್ತು ಮುಳುಗಿದ ಮೇಲಂತೂ ಉಣ್ಣುವವಳಲ್ಲ. ತಡ ಮಾಡಿ ನನ್ನನ್ನು ಉಪವಾಸ ಕೆಡವಬೇಡ.

ನಿನ್ನ ಕೈಯ ರುಚಿ ನೂರು ವರ್ಷ ಬಾಳಲಿ, ಸುಡುಗಾಡು ರುಚಿ.

ನಿನ್ನ ಹಿರಿಯಕ್ಕ,
ತ್ರಿಶಲಾ