ಹ್ಯಾರಿ ಡೆಲ್ಮರನ ನೀಲಿ ಕಾಗದಗಳು

ಕಾಪು
೧೨-೧೧-೧೯೮೪

ನನ್ನಿಂದ ಮುಖ ತಿರುಗಿಸಿ ಕೂತಿರುವ ಸೋದರ ಸೊಸೆ ಸುಭಾಷಿಣಿಗೆ, ದಾಮೋದರ ಮಾವನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಅಮ್ಮನ ಪೆಟ್ಟಿಗೆಯಲ್ಲಿ ಅಮೆರಿಕದ ಹಾಡುಗಾರನ ಕಾಗದಗಳ ಕಟ್ಟು ಸಿಕ್ಕಿತು, ಎಲ್ಲ ನಿಮ್ಮದೇ ಕೈಬರಹ, ಒಳಗಿರುವುದು ಕೆಮ್ಮಿನ ಔಷಧದ ಡಬ್ಬಿಯ ಮೇಲಿನ ಇಂಗ್ಲಿಷು, ಏನೂ ತಿಳಿಯದ ಅಮ್ಮನಿಗೆ ಮೂವತ್ತು ವರ್ಷ ಮೋಸ ಮಾಡಿದಿರಿ, ಅವಳ ಉತ್ತರಕ್ರಿಯೆಯ ಬೊಜ್ಜಕ್ಕೆ ಅಲೆವೂರಿಗೆ ಬರಬೇಡಿ ಅಂತ ಬರೆದಿದ್ದೀ. ಇದ್ದ ಒಬ್ಬ ಅಣ್ಣನನ್ನು ಬಿಟ್ಟು ತಂಗಿಯ ಬೊಜ್ಜವೇ? ಅದಕ್ಕೇ ಬರೆಯುತ್ತಿದ್ದೇನೆ.

ಐದನೇ ಕ್ಲಾಸಿನವನು ಅಷ್ಟು ಅಂದವಾಗಿ ನಕಲು ಮಾಡಿದ್ದಕ್ಕೆ ಒಂದು ಮಾತು ಹೊಗಳಬಹುದಿತ್ತು. ಇರಲಿ.

ಹ್ಯಾರಿ ಡೆಲ್ಮರ್ ಸುಳ್ಳಲ್ಲ. ಕ್ಷೌರಿಕನ ಮಗ. ಇಗರ್ಜಿಯಲ್ಲಿ ಹಾಡುತ್ತಿದ್ದವನನ್ನು ಒಂದು ಸಾಬೂನಿನ ಕಂಪನಿ ರೇಡಿಯೋಕ್ಕೆ ಕರೆದೊಯ್ದಿತು. ಗುರುವಾರ ಅವನು ಹಾಡಿದರೆ ಅಮೆರಿಕದ ಅಡಿಗೆಮನೆಗಳಲ್ಲಿ ಹಾಲು ಉಕ್ಕಿ ಹೋಗುತ್ತಿತ್ತಂತೆ. ಯುದ್ಧದಲ್ಲಿ ಸಿಪಾಯಿಗಳ ಮುಂದೆಯೂ ಹಾಡಿದ. ನಾನು ಹಡಗಿನ ಅಡಿಗೆಯವನಾಗಿ ನ್ಯೂಯಾರ್ಕಿಗೆ ಹೋದಾಗ ಅವನಿಗೆ ಸಾರು ಬಡಿಸಿದೆ, ಅವನು ನನ್ನ ಹೆಗಲ ಮೇಲೆ ಕೈ ಹಾಕಿದ ಅಂತ ಊರಿಡೀ ಹೇಳಿದ್ದೇನಲ್ಲ, ಅದು ಸುಳ್ಳು. ರೇಡಿಯೋ ಸ್ಟೇಷನ್ನಿನ ಹೊರಗೆ ಜನರ ಹಿಂದೆ ನಿಂತು ನಾನು ಕಂಡದ್ದು ಅವನ ಟೊಪ್ಪಿ ಮಾತ್ರ.

ಆ ಸಲ ತಂದ ಬ್ಯಾಟರಿ ರೇಡಿಯೋದಲ್ಲೇ ನಿನ್ನಮ್ಮ ಅವನನ್ನು ಕೇಳಿದ್ದು. ನಿನ್ನಪ್ಪ ತೀರಿಕೊಂಡ ವರ್ಷ, ನೀನು ಮಡಿಲಲ್ಲಿದ್ದೆ. ಅಣ್ಣ, ಇವನು ಅಳುವವರ ಬದಿಯಲ್ಲೇ ಕೂತು ಹಾಡುತ್ತಾನೆ ಅಲ್ವಾ ಅಂದಳು. ಆಮೇಲೆ ಆ ಕಡೆ ಟೆಲಿವಿಷನ್ ಬಂತು. ಜನರಿಗೆ ಚಂದದ ಮುಖ ಬೇಕಾಯಿತು, ಅವನಿಗೆ ವಯಸ್ಸಾಗಿತ್ತು. ಸಿಲೋನ್ ರೇಡಿಯೋದಲ್ಲಿ ಅವನ ಹಾಡು ಬರುವುದು ನಿಂತಿತು. ಅವಳು ದಿನಾ ರೇಡಿಯೋದ ಕಿವಿ ಹಿಂಡುವುದನ್ನು ನೋಡಲಾಗದೆ ಮೊದಲ ಕಾಗದ ಬರೆದೆ. ಬರೆದದ್ದು ಡಬ್ಬಿಯದ್ದು, ಓದಿ ಹೇಳಿದ್ದು ನನ್ನದು: ವನಜಾಕ್ಷಿಗೆ ಹ್ಯಾರಿಯ ನಮಸ್ಕಾರ, ಕಾಪುವಿನಲ್ಲಿ ಈ ವರ್ಷ ಬಂಗುಡೆ ಹೇಗುಂಟು? ಅವಳು ನಕ್ಕಳು. ನಿನ್ನಪ್ಪ ಹೋದ ಮೇಲೆ ಮೊದಲ ಸಲ.

ಎಂಟು ವರ್ಷದ ಹಿಂದೆ ಇಂಗ್ಲಿಷ್ ಬಲ್ಲ ಶಿರ್ವದ ಒಲಿಂಡಾ ಬಾಯಿ ಪೇಪರಿನ ತುಂಡು ಓದಿ ಹೇಳಿದಳು. ಯಾವುದೋ ಸಣ್ಣ ಊರಿನ ಹೋಟೆಲಿನಲ್ಲಿ, ಊಟ ಮಾಡುವವರ ಮುಂದೆ ಹಾಡಿಕೊಂಡಿದ್ದ ಹ್ಯಾರಿ ಸತ್ತನಂತೆ. ತಂಗಿಗೆ ಹೇಳಬೇಡಿ ಅಂದೆ. ಆಮೇಲೂ ಬರೆದೆ, ನೀನು ಬ್ಯಾಂಕಿಗೆ ಹೋದ ಹೊತ್ತು ನೋಡಿ ಬಂದು ಓದಿದೆ.

ಇದು ಮೋಸವಾದರೆ ಮೋಸವೇ. ಬೊಜ್ಜಕ್ಕೆ ಬರಲು ಬಿಡು.

ಇತಿ, ನಿನ್ನ ಬಡಾಯಿ ಮಾವ
ದಾಮೋದರ

ತಾ.ಕ.: ಒಂದನ್ನು ಮುಚ್ಚಿಟ್ಟಿದ್ದೆ. ಈ ವರ್ಷದ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವಾಗ ನಿನ್ನಮ್ಮ ಒಂದು ಎಲೆ ಹೆಚ್ಚು ಹಾಕಿದಳು. ಲೆಕ್ಕ ತಪ್ಪಿತು ಅಂತ ನೀನು ನಕ್ಕೆ. ನೀನು ಒಳಗೆ ಹೋದ ಮೇಲೆ ನನಗೆ ಹೇಳಿದಳು, ಅದು ಹ್ಯಾರಿಗೆ, ಒಲಿಂಡಾ ಬಾಯಿಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದಾ ಮಾರಾಯ, ನೀನು ಮಾತ್ರ ಓದುವುದನ್ನು ನಿಲ್ಲಿಸಬೇಡ ಅಂತ. ನನ್ನ ಜಂಬಕ್ಕೆ ಪೆಟ್ಟಾಯಿತು. ಮತ್ತೆ ಬರೆಯಲಿಲ್ಲ. ಆಸ್ಪತ್ರೆಯಲ್ಲಿ ಎರಡು ಸಲ ಕೇಳಿದಳು, ಹ್ಯಾರಿಯ ಕಾಗದ ಬಂತಾ ಅಂತ. ಇಲ್ಲ ಅಂದೆ. ಈ ಲಕೋಟೆಯಲ್ಲಿ ಒಂದು ನೀಲಿ ಕಾಗದ ಉಂಟು. ನನ್ನನ್ನು ಕರೆಯದಿದ್ದರೂ ಅಡ್ಡಿಯಿಲ್ಲ, ಬೊಜ್ಜದ ದಿನ ಅವಳಿಗೆ ಬಡಿಸಿದ ಎಲೆಯ ಬದಿಯಲ್ಲಿ ಕೂತು ಓದು. ಈ ಸಲ ಡಬ್ಬಿ ನೋಡಿ ಬರೆದದ್ದಲ್ಲ, ಕನ್ನಡದಲ್ಲೇ ಬರೆದಿದ್ದೇನೆ.