ಗಾಜಿನಮನೆಗೆ ಒಬ್ಬರೇ ಬರಬಾರದಂತೆ

ಬಾಗಿಲಿಗೆ ಹೊಸ ಫಲಕ ಬರೆಸಿದ ಮಾನ್ಯ ಆಡಳಿತಾಧಿಕಾರಿಗಳೇ,

ತಮ್ಮ ಐತಿಹಾಸಿಕ ಬಂಗಲೆಯ ತೋಟದಲ್ಲಿ, ಅಪರೂಪದ ಗಿಡಗಳಿರುವ ಗಾಜಿನಮನೆಗೆ ಇನ್ನು ಒಬ್ಬರೇ ಬಂದವರಿಗೆ ಪ್ರವೇಶವಿಲ್ಲ. ಒಂಟಿಯಾಗಿ ಬರುವವರು ಗಿಡ ಕದಿಯುತ್ತಾರೆಂಬುದು ತಮ್ಮ ಸಂಶೋಧನೆಯಂತೆ. ಕಳ್ಳರಿಗೆ ಸಂಸಾರವಿರುವುದಿಲ್ಲವೇ ಸ್ವಾಮಿ? ಒಬ್ಬ ಕೀಳಲು, ಇನ್ನೊಬ್ಬ ಚೀಲ ಹಿಡಿಯಲು, ಇಬ್ಬರಿದ್ದರೇ ಅವರಿಗೂ ಅನುಕೂಲವಲ್ಲವೇ?

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ತೇಯುವವಳು. ಅಕ್ಕ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಳು. ಇಬ್ಬರೂ ಮದುವೆಯಾಗದೆ, ಒಂದೇ ಮನೆಯಲ್ಲಿ ಜಗಳವಾಡಿಕೊಂಡೇ ತಲೆ ನರೆಸಿಕೊಂಡೆವು. ಹಸಿರು ಹೂವಿನ ಬಳ್ಳಿ ಅರಳುವ ಕಾಲಕ್ಕೆ ಪ್ರತಿವರ್ಷ ತಮ್ಮಲ್ಲಿಗೆ ಬರುತ್ತಿದ್ದೆವು. ಎಲೆಯದೇ ಬಣ್ಣದ ಹೂವು ಅದು. ಕಣ್ಣು ಒಗ್ಗುವವರೆಗೆ ಎದುರಿನ ಬೆಂಚಿನಲ್ಲಿ ಕೂರಬೇಕು. "ಹೂ ನೋಡೋಕೆ ಬಂದಿದ್ದೀಯೋ, ಮಂಡಿನೋವು ಹೇಳೋಕೆ ಬಂದಿದ್ದೀಯೋ? ಸುಮ್ನೆ ಕೂತ್ಕೋ" ಎಂದು ಅಕ್ಕ ಗದರುತ್ತಿದ್ದಳು. ಗದರುವವಳು ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಮನೆಯಲ್ಲಿ ಈಗ ನನ್ನ ಮಾತಿಗೆ ಅಡ್ಡ ಬರುವವರೇ ಇಲ್ಲ. ಹೂವಿನ ಮುಂದೆ ಕೂತರೆ ಆ ಗದರಿಕೆಯಾದರೂ ನೆನಪಾದೀತೆಂದು ಹೋದ ಭಾನುವಾರ ಬಂದೆ.

"ಒಬ್ರನ್ನ ಬಿಡಂಗಿಲ್ಲ ಮೇಡಂ. ಜೊತೆಗೆ ಯಾರೂ ಬಂದಿಲ್ವಾ?" ಎಂದ ಕಾವಲುಗಾರ.

"ಇಲ್ಲಪ್ಪ."

"ಹಾಗಾದ್ರೆ ಬರೋವರೆಗೂ ಕಾಯಿರಿ."

ಯಾರು ಬರುವವರೆಗೆ ಎಂದು ಮಾತ್ರ ಅವನು ಹೇಳಲಿಲ್ಲ. ನಾನು ಪೆಚ್ಚಾಗಿ ನಿಂತದ್ದನ್ನು ಕಂಡು, ಗಂಡನೊಡನೆ ಬಂದಿದ್ದ ಹೆಂಗಸೊಬ್ಬಳು ನನ್ನ ತೋಳು ಹಿಡಿದು, "ನಮ್ಮತ್ತೆ, ಬಿಡಿ" ಎಂದಳು. ಕಾವಲುಗಾರನೂ ನಂಬಿದಂತೆ ನಟಿಸಿದ. ಈ ವಯಸ್ಸಿನಲ್ಲಿ, ಮದುವೆಯ ಖರ್ಚೇ ಇಲ್ಲದೆ, ನಾನು ಅತ್ತೆಯಾಗಿಬಿಟ್ಟೆ!

ಆದರೆ ಅವರದು ಓಡುವ ನೋಟ. ಬಳ್ಳಿಯ ಮುಂದೆ ಫೋಟೊ ತೆಗೆಸಿಕೊಂಡು, "ಇದ್ರಲ್ಲಿ ಹೂವೆಲ್ಲಿದೆ?" ಎನ್ನುತ್ತ ಹೊರನಡೆದರು. ನಾನು ಆಗಷ್ಟೇ ಬೆಂಚಿನಲ್ಲಿ ಕೂತಿದ್ದೆ. ಎಲೆಗಳ ನಡುವೆ ಮೊದಲ ಗೊಂಚಲು ಕಣ್ಣಿಗೆ ಬೀಳುತ್ತಿತ್ತು. ಅಷ್ಟರಲ್ಲಿ ಕಾವಲುಗಾರ ಬಂದ.

"ನಿಮ್ಮೋರು ಹೊರಟ್ರಲ್ಲ ಮೇಡಂ, ನೀವೂ ಹೊರಡಿ."

ನಿಮ್ಮೋರು! ಅವನು ಒರಟಾಗಿ ಆಡಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಮೆತ್ತಗೆ ಹೇಳಿದ್ದರಿಂದ ಎದ್ದು ಬಂದೆ. ಗೇಟಿನ ಹೊರಗೆ ಆ ಹೆಂಗಸು ಕಾರಿನ ಬಾಗಿಲು ತೆರೆದು, "ಅತ್ತೆ, ಮನೆವರೆಗೂ ಬಿಡ್ತೀವಿ, ಬನ್ನಿ" ಎಂದು ಕರೆದಳು. ಬೇಡವೆಂದೆ. ಹ್ಞೂಂ ಎಂದಿದ್ದರೆ, ಪಾಪ, ಆ ಗಂಡಹೆಂಡತಿ ನನ್ನ ಅಳುವನ್ನು ದಾರಿಯುದ್ದಕ್ಕೂ ಕೇಳಬೇಕಾಗುತ್ತಿತ್ತು.

ನನ್ನ ಚೀಲ ಶೋಧಿಸಿ, ಬೇಕಾದರೆ ಬಾಗಿಲಲ್ಲೇ ಇರಿಸಿಕೊಳ್ಳಿ. ಕಾವಲುಗಾರನನ್ನು ಪಕ್ಕದಲ್ಲೇ ಕೂರಿಸಿ. ನನಗೇನೂ ಬೇಸರವಿಲ್ಲ, ಯಾರಾದರೂ ಕೂತಂತಾಯಿತು. ಆದರೆ ಆ ಫಲಕ ತೆಗೆಸಿ. ಹೂವು ಇನ್ನು ಕೆಲವೇ ದಿನ ಇರುತ್ತದೆ. ಬರುವ ಭಾನುವಾರ ಬಾಗಿಲಿಗೆ ಬಂದು ನಿಲ್ಲುತ್ತೇನೆ, ಈ ಸಲ ಯಾರ ಅತ್ತೆಯೂ ಆಗದೆ.

ಇಂತಿ,
ಸದ್ಯಕ್ಕೆ ಏಕವಚನದಲ್ಲಿರುವ
ತಮ್ಮ ಹಳೆಯ ಸಂದರ್ಶಕಿ